ಐವತ್ತು ನಿಮಿಷದ ದಾರಿ

"ಒಬ್ಬರನ್ನ ಬಿಟ್ಟು ಹೋಗ್ಬೇಕಾಗುತ್ತೆ," ಎಂದ ಪೈಲಟ್ ವಾಕಿಟಾಕಿಯಲ್ಲಿ. "ಎದುರುಗಾಳಿ ಜೋರಾಗಿದೆ. ಇಂಧನ ಜಾಸ್ತಿ ಹಾಕಿಸ್ತಿದೀನಿ."

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಅಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಊರಿಗೂ ಅಮ್ಮನ ಊರಿಗೂ ನಡುವಿನ ದೂರ ಎಂದೂ ಅಷ್ಟೇ. ಗಾಳಿ ಸುಮ್ಮನಿದ್ದರೆ ಐವತ್ತು ನಿಮಿಷದ ದಾರಿ, ಎದುರಿಗೆ ನಿಂತರೆ ಒಂದೂಕಾಲು ಗಂಟೆ ಎಳೆಯುತ್ತದೆ. ಪುಟ್ಟ ವಿಮಾನ, ಇಂಧನ ಹೆಚ್ಚಿದಷ್ಟು ಜನ ಕಡಿಮೆಯಾಗಬೇಕು. ಮೊದಲು ಬಿಡುವುದು ಸಿಬ್ಬಂದಿಯ ಪುಕ್ಕಟೆ ಟಿಕೆಟ್ಟಿನವರನ್ನು. ಇವತ್ತು ಅಂಥದ್ದು ಒಂದೇ ಇತ್ತು. ಮಾಡಿಸಿದವಳು ಅವಳೇ, ತಂಗಿಗಾಗಿ.

ತಂಗಿ ಗಾಜಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ತಾನೇ ಮೆಚ್ಚಿದವನನ್ನು ಮದುವೆಯಾದಾಗ ಅಮ್ಮ "ನನ್ನ ಹೆಣ ನೋಡೋಕೂ ಬರ್ಬೇಡ" ಎಂದಿದ್ದಳು. ತಂಗಿಯೂ ಅಮ್ಮನ ಹಟವನ್ನೇ ಹೊತ್ತು ಹುಟ್ಟಿದವಳು; ಹನ್ನೊಂದು ವರ್ಷ ಆ ಕಡೆ ತಲೆಹಾಕಲಿಲ್ಲ. ಈಗ ಅಮ್ಮನ ಕಣ್ಣು ದಿನೇದಿನೇ ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. "ಅವಳಿಗೆ ನಿನ್ನ ಮುಖ ಕಾಣೋವಾಗ್ಲೇ ಒಂದ್ಸಲ ಹೋಗಿ ಬಾರೇ" ಎಂದು ಅಕ್ಕ ತಿಂಗಳುಗಟ್ಟಲೆ ಗೋಗರೆದಿದ್ದಳು. ಅಮ್ಮನೋ, "ಬರೋಳು ಬರ್ಲಿ, ನಾನೇನು ಬಾಗಿಲು ಕಾಯ್ತಾ ಕೂರಲ್ಲ" ಎಂದು ಬಿಗುಮಾನ ಬಿಡಲಿಲ್ಲ.

"ಯಾರಾದ್ರೂ ನಾಳೆ ಹೋಗೋಕೆ ಒಪ್ತೀರಾ?" ಎಂದು ಅಕ್ಕ ಗಟ್ಟಿಯಾಗಿ ಕೇಳಿದಳು. ಎಲ್ಲರಿಗೂ ಆ ಕ್ಷಣಕ್ಕೇ ಮೊಬೈಲಿನಲ್ಲಿ ಎಲ್ಲಿಲ್ಲದ ಕೆಲಸ ಬಂತು.

ಅವಳು ತಂಗಿಯ ಮುಂದೆ ಹೋಗಿ ನಿಂತಳು.

"ನನ್ನನ್ನೇ ತಾನೆ?" ತಂಗಿ ನಗಲು ನೋಡಿದಳು. "ದೇವರು ಕೊಟ್ರೂ ಪೂಜಾರಿ ಕೊಡ ಅಂತಾರೆ. ಆ ಪೂಜಾರಿ ನೀನೇ ಆಗ್ಬೇಕಿತ್ತಾ ಅಕ್ಕಾ?"

"ನಾಳೆ ಕಳಿಸ್ತೀನಿ ಕಣೇ. ಖಂಡಿತ."

"ನಾಳೆ ಇಷ್ಟು ಧೈರ್ಯ ಇರಲ್ಲ. ಬಿಡು, ಗಾಳಿಗೇ ಇಷ್ಟ ಇಲ್ಲ."

ವಿಮಾನ ಹೋಯಿತು. ತಂಗಿ ಮನೆಗೆ ಹೋಗಲಿಲ್ಲ, ಅಲ್ಲಿಂದ ಏಳಲೂ ಇಲ್ಲ. ಅಕ್ಕನಿಗೆ ಅತ್ತ ನೋಡಲು ಮುಖವಿರಲಿಲ್ಲ. ಅಮ್ಮನಿಗೆ ಫೋನ್ ಮಾಡಲು ಅದಕ್ಕಿಂತ ಹೆದರಿಕೆ. ಅಮ್ಮ ಹೇಗೂ ಮನೆಯಲ್ಲೇ ಇರುತ್ತಾಳಲ್ಲ, ಸಂಜೆ ಹೇಳಿದರಾಯಿತು ಎಂದುಕೊಂಡಳು.

ಅಮ್ಮನೇ ಫೋನ್ ಮಾಡಿದಳು. ಹಿಂದೆ ಟ್ರಾಲಿಗಳ ಗಡಗಡ, ಜನರ ಗದ್ದಲ.

"ವಿಮಾನ ಬಂತು ಕಣೇ. ಯಾಕೋ ತಡವಾಯ್ತು. ಪಕ್ಕದ್ಮನೆಯವಳನ್ನ ಕರ್ಕೊಂಡು ಬೆಳಿಗ್ಗೇನೇ ಬಂದ್ಬಿಟ್ಟೆ. ನಿನ್ನ ತಂಗಿ ಯಾವ ಬಣ್ಣದ ಬಟ್ಟೆ ಹಾಕ್ಕೊಂಡಿದಾಳೆ, ಹೇಳು. ನಂಗೆ ಮುಖ ಸರಿಯಾಗಿ ಗೊತ್ತಾಗ್ತಿಲ್ಲ."

ಅಕ್ಕ ಕೌಂಟರಿನಿಂದ ಎದ್ದಳು. ಬೆಂಚಿನ ಬಳಿಗೆ ನಡೆದು, ಫೋನನ್ನು ತಂಗಿಯ ಕಿವಿಗಿಟ್ಟಳು. ಅಮ್ಮನ ದನಿ ಇಬ್ಬರಿಗೂ ಕೇಳುತ್ತಿತ್ತು.

"ಯಾರೋ ಹಸಿರು ಬಟ್ಟೆಯವಳು ಬರ್ತಿದಾಳೆ... ನಡಿಗೆ ಅವಳದೇ. ಅವಳೇ, ಅವಳೇ ಕಣೇ!" ಆಮೇಲೆ ಫೋನನ್ನು ಮರೆತು ಅಮ್ಮ ಅಲ್ಲಿ ಯಾರನ್ನೋ ಕೂಗತೊಡಗಿದಳು. "ಪುಟ್ಟೀ! ಏ ಪುಟ್ಟೀ! ಇಲ್ಲಿದೀನಿ, ಈ ಕಡೆ!"

ಇಲ್ಲಿ ತಂಗಿ ತಟಕ್ಕನೆ ಎದ್ದು ನಿಂತಳು. ತೊಡೆಯ ಮೇಲಿದ್ದ ಚೀಲ ಜಾರಿ ನೆಲಕ್ಕೆ ಬಿತ್ತು.