ಗೆಸೀನಾಳ ಅಳು

ಪೆಟ್ಟಿಗೆ ನಡುಮನೆ ದಾಟಿ ಬಂದು ಬಾಗಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

“ನಿನ್ನ ಕಡೆ ಎತ್ತೋ ವೆಸೆಲ್. ಇನ್ನೂ ಸ್ವಲ್ಪ,” ಎಂದ ಹರ್ಮಾನ್, ಕಾಲಿನ ತುದಿ ಹಿಡಿದಿದ್ದವನು.

“ಎತ್ತೇ ಇದೀನಿ. ಗೋಡೆ ಅಡ್ಡ ಬರ್ತಿದೆ.”

“ಗೋಡೆ ಎಲ್ಲಿಂದ ಬರುತ್ತೆ? ಅದು ಇದ್ದಲ್ಲೇ ಇದೆ. ಅಡ್ಡ ಬರ್ತಿರೋನು ನೀನು.”

ಹೊತ್ತವರಲ್ಲಿ ಇಬ್ಬರು ನಕ್ಕರು. ಹಿಂದೆ ಮನೆಯವರು ಕಪ್ಪು ಬಟ್ಟೆಯಲ್ಲಿ ನಿಂತಿರುವುದು ನೆನಪಾಗಿ ಬಾಯಿ ಮುಚ್ಚಿದರು. ಆರು ಜನ ಮುದುಕರು ಹಿಂದೆ ಸರಿದು, ಮುಂದೆ ಸರಿದು, ಓರೆ ಮಾಡಿ ನೋಡಿದರು. ಹೊಸ ಬಡಾವಣೆಯ ಈ ಮನೆಗಳನ್ನು ಕಟ್ಟಿದವರಿಗೆ ಮನುಷ್ಯ ಮಲಗಿಕೊಂಡೂ ಮನೆ ಬಿಡುವುದುಂಟು ಎಂಬುದು ಹೊಳೆದಿರಲಿಲ್ಲ. ಕೊನೆಗೆ ಸತ್ತ ಗೆಸೀನಾಳ ಅಳಿಯ ಟೋನ್, ಬಾಗಿಲನ್ನೇ ಕಳಚಿಬಿಡುತ್ತೇನೆ, ಪೆಟ್ಟಿಗೆ ಕೆಳಗಿಡಿ ಎಂದು ಸ್ಕ್ರೂಡ್ರೈವರ್ ಹುಡುಕಲು ಹೋದ.

ಹಾಲೆಂಡಿನ ಪೂರ್ವಕ್ಕಿರುವ ನಮ್ಮ ಈ ಸೀಮೆಯಲ್ಲಿ ಸಾವಿನ ಮನೆಯವರು ಕೈ ಕಟ್ಟಿ ಕೂರಬೇಕು. ಸುದ್ದಿ ಮುಟ್ಟಿಸುವುದು, ಹೊರುವುದು, ಹಗ್ಗ ಹಿಡಿದು ಗುಂಡಿಗೆ ಇಳಿಸುವುದು, ವಾಪಸು ಬಂದವರಿಗೆ ಕಾಫಿ ಸುರಿಯುವುದು, ಎಲ್ಲವೂ ನೆರೆಯವರ ಪಾಲು. ಅವರಲ್ಲೂ ಪಕ್ಕದ ಮನೆಯವನಿಗೆ ಮೊದಲ ನೆರೆಯವ ಎಂದು ಹೆಸರು. ತಲೆಯ ಕಡೆ ಹಿಡಿಯುವವನು ಅವನು, ಕಾಫಿ ಸುರಿಯುವವನೂ ಅವನೇ. ಈ ಕೆಲಸದಿಂದ ಒಬ್ಬನನ್ನು ಬಿಡಿಸಿದರೆ ಊರೇ ಅವನನ್ನು ಕೈಬಿಟ್ಟಂತೆ. ಗೆಸೀನಾ ಮಗಳ ಮನೆಗೆ ಬಂದು ಮೂರು ವರ್ಷವಾಗಿತ್ತು ನಿಜ. ಆದರೆ ಈ ಬಡಾವಣೆಯವರಿಗೆ ಪಕ್ಕದ ಮನೆಯವರ ಕಾರು ಗೊತ್ತೇ ಹೊರತು ಹೆಸರು ಗೊತ್ತಿಲ್ಲ. ಹಾಗಾಗಿ ಅವಳ ಹಳೆಯ ಬೀದಿಯವರೇ ಬಂದಿದ್ದರು. ಅಲ್ಲಿ ಅವಳ ಪಕ್ಕದ ಮನೆಯಲ್ಲಿದ್ದ ವೆಸೆಲ್ ಮೊದಲ ನೆರೆಯವನಾಗಿ ಬಂದಿದ್ದ.

ವೆಸೆಲ್ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ. ಬೆಳಿಗ್ಗೆ ಮುಚ್ಚಳ ಹಾಕುವ ಮೊದಲು ಅವನು ಗೆಸೀನಾಳ ಮುಖ ನೋಡಿದ್ದ. ತುಟಿಗೆ ಬಣ್ಣ ಹಚ್ಚಿದ್ದರು. ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿ ಗುಂಗುರು ಮಾಡಿದ್ದರು. ಯಾರದೋ ಮುಖ ಅನ್ನಿಸಿ ಅವನಿಗೆ ಸಿಟ್ಟು ಬಂದಿತ್ತು.

*

ಮೂರು ವರ್ಷದ ಹಿಂದೆ, ಕೊರೋನಾದ ಆ ವಸಂತದಲ್ಲಿ ಅವಳ ಕೂದಲು ಹೆಗಲಿಗೆ ಇಳಿದಿತ್ತು. ಕ್ಷೌರದಂಗಡಿ ಮುಚ್ಚಿತ್ತು, ಚರ್ಚು ಮುಚ್ಚಿತ್ತು, ಮುದುಕರ ಮನೆಗೆ ಮಕ್ಕಳು ಹೋಗಬೇಡಿ ಎಂದು ಸರಕಾರವೇ ಹೇಳಿತ್ತು. ಗಂಡ ಬೆರೆಂಡ್ ಹಿಂದಿನ ಶರತ್ಕಾಲದಲ್ಲಿ ಹೋಗಿದ್ದ.

ಬೆರೆಂಡ್ ಕೆಟ್ಟವನಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬೇಯಿಸಿದ ಆಲೂಗಡ್ಡೆ ಮೇಜಿನ ಮೇಲಿರಬೇಕು, ಕಿಟಕಿ ಮುಚ್ಚಿರಬೇಕು, ಹೆಂಗಸರು ಸಿಳ್ಳೆ ಹಾಕಬಾರದು, ಇಷ್ಟೇ ಅವನದು. ಐವತ್ತು ವರ್ಷ ಇಷ್ಟೇ. ಅವನು ಹೋದ ಮೇಲೆ ಭಾನುವಾರಗಳನ್ನು ಮಕ್ಕಳು ಮೊಮ್ಮಕ್ಕಳು ವಹಿಸಿಕೊಂಡರು. ಅಮ್ಮ ಒಬ್ಬಳೇ ಇರಬಾರದು ಎಂದು ದಂಡಿಗೆ ದಂಡೇ ಬಂದು, ಅವಳು ಬೇಯಿಸಿದ ಆಲೂಗಡ್ಡೆ ತಿಂದು ಹೋಗುತ್ತಿತ್ತು.

ಆಮೇಲೆ ಲಾಕ್‌ಡೌನ್ ಬಂತು. ಗೆಸೀನಾ ಮೊದಲ ದಿನ ಕಿಟಕಿ ತೆರೆದಳು. ಎರಡನೆಯ ದಿನ ಅನಾನಸಿನ ಡಬ್ಬಿ ತೆರೆದು, ನಿಂತುಕೊಂಡೇ ಕೈಯಿಂದ ಅಷ್ಟನ್ನೂ ತಿಂದಳು. ಆ ವಾರವೇ ವೆಸೆಲ್‌ಗೆ ಬೇಲಿಯ ಆಚೆಯಿಂದ ಸಿಳ್ಳೆ ಕೇಳಿಸಿತು.

“ಯಾರಪ್ಪಾ ಅದು, ಹಾಲಿನ ಹುಡುಗ ಬಂದ ಅಂದ್ಕೊಂಡೆ.”

“ಹುಡುಗ ಅಲ್ಲ, ಮುದುಕಿ. ಬಾರೋ ಈ ಕಡೆ. ನಿನ್ನ ಕುರ್ಚಿ ನೀನೇ ತಗೊಂಡು ಬಾ. ದೂರ ಕೂತ್ಕೋ, ನಿನ್ನ ರೋಗ ನನಗೆ ಬೇಡ.”

ಹಿತ್ತಲಿನಲ್ಲಿ ಉದ್ದನೆಯ ಮೇಜು. ಆ ತುದಿಗೆ ಅವಳು, ಈ ತುದಿಗೆ ಅವನು. ಬೆಳಗ್ಗೆ ಹತ್ತು ಗಂಟೆಗೇ ಪ್ಯಾನ್‌ಕೇಕ್, ಮೇಲೆ ಬೆಲ್ಲದ ಪಾಕ. ದಾಳ ಉರುಳಿಸಿ ಕಾಯಿ ನಡೆಸುವ ಆಟ. ಅವಳು ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದಳು.

“ಅದು ನಾಲ್ಕು ಕಣೇ, ಐದಲ್ಲ.”

“ನಿನಗೆ ಕಣ್ಣು ಕಾಣಲ್ಲ ಅಂದ್ರೆ ನಾನೇನ್ ಮಾಡ್ಲಿ?”

ಗೋಡೆಯ ಪಕ್ಕ ಐವತ್ತು ವರ್ಷ ಮಲಗಿದ್ದವಳು ಈಗ ಹಾಸಿಗೆಯ ನಟ್ಟ ನಡುವೆ ಕೈಕಾಲು ಚಾಚಿ ಮಲಗುತ್ತೇನೆ ಎಂದು ಹೇಳಿದಳು. ಒಂದು ದಿನ ಒಂದೂ ಆಲೂಗಡ್ಡೆ ಬೇಯಿಸಲಿಲ್ಲ. ವೆಸೆಲ್‌ಗೆ ಅವಳೆಂದರೆ ಇಷ್ಟವಾಗಿತ್ತು. ಎಷ್ಟು ಇಷ್ಟ ಎಂದು ಅವನು ಕೇಳಿಕೊಳ್ಳಲಿಲ್ಲ, ಆ ವಯಸ್ಸಿನಲ್ಲಿ ಕೇಳಿಕೊಂಡು ಮಾಡುವುದೇನು. ಬೆಳಗಾದರೆ ಕುರ್ಚಿ ಎತ್ತಿಕೊಂಡು ಹೊರಡುತ್ತಿದ್ದ, ಅಷ್ಟೆ.

ಊರಲ್ಲಿ ಜನ ಸಾಯುತ್ತಿದ್ದರು. ಇಂಥ ಹೊತ್ತಿನಲ್ಲಿ, ಗಂಡ ಸತ್ತು ವರ್ಷವೂ ಆಗದವಳು, ನಾನು ಸುಖವಾಗಿದ್ದೇನೆ ಎಂದು ಯಾರಿಗೆ ಹೇಳಿಯಾಳು? ಮಗಳು ರೀಕಿ ದಿನಾ ಸಂಜೆ ಫೋನ್ ಮಾಡಿ ಅಳುತ್ತಿದ್ದಳು. ಮಗಳು ಅತ್ತರೆ ತಾಯಿ ಅಳದಿರುವುದು ಚೆನ್ನಾಗಿರುವುದಿಲ್ಲವೆಂದು ಗೆಸೀನಾಳೂ ದನಿ ನಡುಗಿಸಿದಳು. ಮೊದಮೊದಲು ಮುಜುಗರದಿಂದ ಮಾಡಿದ್ದು, ಬರಬರುತ್ತ ಚೆನ್ನಾಗಿಯೇ ಬಂತು. ಫೋನ್ ಇಟ್ಟ ಮೇಲೆ ಅವಳೂ ಎದುರಿಗೆ ಕೂತಿರುತ್ತಿದ್ದ ವೆಸೆಲ್ ಕೂಡ ಬಿದ್ದು ಬಿದ್ದು ನಗುತ್ತಿದ್ದರು. ದುಷ್ಟತನವೇ ಅನ್ನಿ, ಆದರೆ ಅವರಿಗೆ ಬೇರೆ ದುಷ್ಟತನ ಮಾಡಿ ಅಭ್ಯಾಸವಿರಲಿಲ್ಲ.

ಒಂದು ದಿನ ತಾಯಿಯೇ ಫೋನ್ ಮಾಡಿದಳು. ರೀಕಿ ಎತ್ತಲಿಲ್ಲ, ಸಂದೇಶ ಬಿಡಿ ಎಂದಿತು ಫೋನು. ಗೆಸೀನಾ ಪ್ಯಾನ್‌ಕೇಕಿನ ತುಂಡು ಚುಚ್ಚಿದ ಮುಳ್ಳುಚಮಚವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಶುರುಮಾಡಿದಳು.

“ರೀಕಿ, ಅಮ್ಮ ಕಣೇ. ನಾನಿದೀನಿ. ಇರೋದೇನು, ಗೋಡೆ ನೋಡ್ಕೊಂಡು ಕೂತಿದೀನಿ. ಒಂದು ಆಲೂಗಡ್ಡೆ ಬೇಯಿಸ್ಕೊಳ್ಳೋಕೂ ಮನಸ್ಸು ಬರಲ್ಲ. ನಿಮ್ಮಪ್ಪನ ನೆನಪೇ. ನಾನು ಹೋದ್ರೆ ಅವರ ಹತ್ರಾನೇ ಮಲಗಿಸಿಬಿಡ್ರೇ. ಅಲ್ಲೇ ನನಗೆ ಸುಖ.”

ಹೇಳುತ್ತ ವೆಸೆಲ್‌ನ ಕಡೆ ನೋಡಿ ಹುಬ್ಬು ಕುಣಿಸಿದಳು. ಅವನು ತೋಳು ಕಚ್ಚಿಕೊಂಡ, ಆದರೂ ಮೂಗಿನಿಂದ ನಗು ಸಿಡಿಯಿತು.

“ಬೆರೆಂಡ್ ಪಕ್ಕ ಯಾವಳು ಮಲಗ್ತಾಳೆ?” ಎಂದಳು ಫೋನ್ ಆರಿಸಿ. “ಇಲ್ಲಿ ಐವತ್ತು ವರ್ಷ ಸಾಲದಾ? ನನ್ನನ್ನ ಸುಟ್ಟು ಬೂದೀನ ಈರುಳ್ಳಿ ಮಡಿಗೆ ಎರಚಿದ್ರೂ ಆಯ್ತು.”

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾದಾಗ ರೀಕಿ ಕಾರು ತಂದು ನಿಲ್ಲಿಸಿದಳು. ಇನ್ನು ಒಂದು ನಿಮಿಷವೂ ನಿನ್ನನ್ನು ಒಂಟಿ ಬಿಡುವುದಿಲ್ಲ, ಮೇಲಿನ ಕೋಣೆ ಸಿದ್ಧ ಮಾಡಿದ್ದೇನೆ, ಈ ಬಾಡಿಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ಹೇಳಿಯಾಗಿದೆ ಎಂದಳು.

“ಹೇಳಿಬಿಡೇ,” ಎಂದ ವೆಸೆಲ್ ಬೇಲಿಯ ಹತ್ತಿರ.

“ಏನಂತ ಹೇಳ್ಲಿ? ನೀನು ಅಳ್ತಿದ್ದಾಗ ನಾನು ನಗ್ತಿದ್ದೆ ಅಂತಾನಾ? ಸತ್ತೇ ಹೋಗ್ತಾಳೆ ಮಗು.”

ಅವಳು ಹೋದಳು. ಆ ವಾರವೇ ಕೂದಲು ಕತ್ತರಿಸಿದರು. ವೆಸೆಲ್ ನೋಡಲು ಹೋದಾಗಲೆಲ್ಲ ಅವಳು ಟಿವಿ ಎದುರಿನ ಕುರ್ಚಿಯಲ್ಲಿ ಇರುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು.

*

ಟೋನ್ ಬಾಗಿಲಿನ ಕೀಲು ಬಿಚ್ಚುತ್ತಿದ್ದ. ವೆಸೆಲ್ ಅಡುಗೆಮನೆಗೆ ಹೋದ. ರೀಕಿ ಒಬ್ಬಳೇ ಕಿಟಕಿಯ ಬಳಿ ನಿಂತಿದ್ದಳು.

“ರೀಕಿ, ಒಂದು ಮಾತು. ನಿಮ್ಮಮ್ಮನ್ನ ಬೆರೆಂಡ್ ಗುಂಡಿಗೆ ಹಾಕೋದು ಬೇಡ.”

“ಅವಳೇ ಕೇಳ್ಕೊಂಡಿದ್ದು ವೆಸೆಲ್ ಮಾಮ. ಫೋನಲ್ಲಿ ಹಾಗೇ ಇದೆ. ಇವತ್ತು ಎಲ್ಲರಿಗೂ ಕೇಳಿಸ್ತೀನಿ.”

“ಅದನ್ನ ಇಟ್ಕೊಂಡಿದೀಯಾ?”

“ಅಮ್ಮನ ದನಿ ಅಳಿಸೋಕಾಗುತ್ತಾ?”

ವೆಸೆಲ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಆದರೂ ಹೇಳಿದ. “ಅದು ತಮಾಷೆಗೆ ಹೇಳಿದ್ದು ಕಣಮ್ಮ. ನಾನು ಎದುರಿಗೇ ಕೂತಿದ್ದೆ. ಅವಳು ಅಳ್ತಿರಲಿಲ್ಲ. ಆ ದಿನಗಳಲ್ಲಿ ಅವಳಷ್ಟು ಖುಷಿಯಾಗಿ ಊರಲ್ಲಿ ಯಾರೂ ಇರಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಫೋನಲ್ಲಿ ಅಳೋ ಹಾಗೆ ಮಾಡ್ತಿದ್ಲು.”

ರೀಕಿ ಕೂಗಾಡಲಿಲ್ಲ. ಸುಳ್ಳು ಎನ್ನಲೂ ಇಲ್ಲ. ಅವಳ ಮುಖ ನೋಡಿದರೆ ನಂಬಿದ್ದಾಳೆಂದು ತಿಳಿಯುತ್ತಿತ್ತು.

“ಮೂರು ವರ್ಷ ನನ್ನ ಮನೇಲಿದ್ಲು,” ಎಂದಳು. “ಸ್ನಾನ ಮಾಡಿಸ್ದೆ, ಉಗುರು ಕತ್ತರಿಸ್ದೆ. ಹೊದಿಸಿ ದೀಪ ಆರಿಸ್ದಾಗೆಲ್ಲ, ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ ರೀಕಿ ಅಂತಿದ್ಲು. ಅದೂ ತಮಾಷೇನಾ?”

ವೆಸೆಲ್ ಮೇಜಿನ ಮೇಲಿದ್ದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಕೇಳ್ತಿದೀನಿ ಮಾಮ. ಅದೂ ತಮಾಷೇನಾ?”

“ಅದು ನನಗೆ ಗೊತ್ತಿಲ್ಲ.”

“ಮಿಕ್ಕಿದ್ದೆಲ್ಲ ಗೊತ್ತಲ್ಲ ನಿಮಗೆ.” ಅವಳು ಮೂಗು ಒರೆಸಿಕೊಂಡಳು. “ಗುಂಡಿ ತೋಡಿ ಆಗಿದೆ. ಬಾಗಿಲೂ ಬಿಚ್ಚಿದ್ರು ಅನ್ಸುತ್ತೆ. ಹೋಗಿ ಎತ್ತಿ.”

ಅವನು ಹೋಗಿ ಎತ್ತಿದ. ಬೇರೆ ಏನು ಮಾಡಬಹುದಿತ್ತು? ನೆರೆಯವನಿಗೆ ಹೊರುವ ಹಕ್ಕಿದೆ, ಎಲ್ಲಿಗೆ ಎಂದು ಹೇಳುವ ಹಕ್ಕಿಲ್ಲ.

*

ಸ್ಮಶಾನದ ಪಕ್ಕದ ಸಭಾಮನೆ ತುಂಬಿತ್ತು. ರೀಕಿ ಎದ್ದು ನಿಂತು, ಆ ಎರಡು ತಿಂಗಳು ಅಮ್ಮನನ್ನು ಒಂಟಿಯಾಗಿ ಬಿಟ್ಟೆ, ಅದಕ್ಕೆ ನನಗೆ ಕ್ಷಮೆ ಇಲ್ಲ, ಅವಳ ಕೊನೆಯ ಆಸೆಯನ್ನಾದರೂ ಇವತ್ತು ನಡೆಸುತ್ತಿದ್ದೇನೆ ಎಂದಳು. ಹೇಳುವಾಗ ವೆಸೆಲ್‌ನ ಕಡೆ ಒಮ್ಮೆಯೂ ನೋಡಲಿಲ್ಲ. ಆಮೇಲೆ ಧ್ವನಿವರ್ಧಕದ ಹುಡುಗನಿಗೆ, ಇನ್ನೂ ಜೋರಾಗಿ ಇಡಿ, ಹಿಂದೆ ಕೂತವರಿಗೂ ಕೇಳಿಸಲಿ ಎಂದಳು.

ಗೆಸೀನಾಳ ದನಿ ಗೋಡೆಗೋಡೆಯಿಂದ ಬಂತು. ಗೋಡೆ ನೋಡಿಕೊಂಡು ಕೂತಿದ್ದು, ಆಲೂಗಡ್ಡೆ, ನಿಮ್ಮಪ್ಪನ ನೆನಪು. ಹೆಂಗಸರು ಕರವಸ್ತ್ರ ತೆಗೆದರು. ಕೊನೆಗೆ “ಅಲ್ಲೇ ನನಗೆ ಸುಖ” ಎಂದಳು. ಅದರ ಬೆನ್ನಿಗೇ ಉಸಿರು ಕಟ್ಟಿ ಸಿಡಿದ ಒಂದು ಸದ್ದು ಬಂತು. ಸಭೆ ಪೂರ್ತಿ ಅತ್ತಿತು.

“ಪಾಪ, ಹೇಗೆ ಬಿಕ್ಕಿದಾಳೆ ನೋಡು,” ಎಂದು ಹರ್ಮಾನ್ ವೆಸೆಲ್‌ನ ಕಿವಿಯಲ್ಲಿ ಹೇಳಿದ. ಅವನ ಕಣ್ಣೂ ಒದ್ದೆಯಾಗಿತ್ತು.

ಗುಂಡಿಯ ಬಳಿ ಆರು ಜನರೂ ಹಗ್ಗ ಹಿಡಿದರು. ನಮ್ಮ ಕಡೆ ಒಂದೇ ಗುಂಡಿಯಲ್ಲಿ ಗಂಡನ ಮೇಲೆ ಹೆಂಡತಿ. ನಡುವೆ ಒಂದಿಷ್ಟು ಮಣ್ಣು.

“ಬೆರೆಂಡ್ ಏನಂತಾನೋ. ಬದುಕಿದ್ದಾಗ ಇವಳನ್ನ ಯಾವತ್ತೂ ಮೇಲಿರೋಕೆ ಬಿಟ್ಟೋನಲ್ಲ,” ಎಂದು ಹರ್ಮಾನ್ ಮೆಲ್ಲಗೆ ಹೇಳಿದ. ವೆಸೆಲ್ ಹಗ್ಗ ಬಿಡುತ್ತ ಹೋದ. ಅಂಗೈ ಉರಿಯುತ್ತಿತ್ತು. ಒಂದು ಹಂತದಲ್ಲಿ ಭಾರ ಥಟ್ಟನೆ ಇಲ್ಲವಾಯಿತು. ಅವಳು ಬೆರೆಂಡ್‌ನನ್ನು ತಲುಪಿದ್ದಳು.

ಮತ್ತೆ ಸಭಾಮನೆಯಲ್ಲಿ, ಕಾಫಿಯ ಹೊತ್ತಿಗೆ ವೆಸೆಲ್ ದೊಡ್ಡ ಹೂಜಿಯನ್ನು ಎತ್ತಿಕೊಂಡು ಮನೆಯವರ ಮೇಜಿಗೆ ಹೋದ. ಬೆರೆಂಡ್‌ನ ಅಕ್ಕ ಆಲೀಡಾಗೆ ತೊಂಬತ್ತು ದಾಟಿತ್ತು, ನಾಲಿಗೆ ಮಾತ್ರ ಇನ್ನೂ ಹರೆಯದಲ್ಲಿತ್ತು. ಅವಳು ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು.

“ನಿಲ್ಲು. ನೀನು ಪಕ್ಕದ ಮನೇಲೇ ಇದ್ದೆಯಲ್ಲಪ್ಪ ಆಗ?”

“ಇದ್ದೆ.”

“ಆ ಹೆಂಗಸು ಹಾಗೆ ಬಿಕ್ಕಿ ಬಿಕ್ಕಿ ಅಳ್ತಿದ್ರೆ ಮೊದಲ ನೆರೆಯವನಿಗೆ ಕೇಳಿಸ್ಲಿಲ್ವಾ? ಬೇಲಿ ಹತ್ರ ಬಂದು ಒಂದು ಮಾತಾಡಿಸ್ಬಾರದಿತ್ತಾ?”

ಪಕ್ಕದ ಮೇಜಿನವರೂ ತಿರುಗಿದರು. ಆಲೀಡಾ ಕೇಳಿದ್ದು ಎಲ್ಲರ ಮನಸ್ಸಿನಲ್ಲೂ ಇತ್ತು.

“ಅದು ಅವಳ ಬಿಕ್ಕು ಅಲ್ಲ,” ಎಂದ ವೆಸೆಲ್. “ನಂದು. ನಾನು ಅಲ್ಲೇ ಇದ್ದೆ. ನಗ್ತಿದ್ದೆ.”

“ನಗ್ತಿದ್ದೆಯಾ?”

“ಅವಳೂ ನಗ್ತಿದ್ಲು. ಇಬ್ರೂ ಚೆನ್ನಾಗಿದ್ವಿ. ಪ್ಯಾನ್‌ಕೇಕ್ ತಿಂತಿದ್ವಿ.” ಹೇಳುತ್ತಿದ್ದಂತೆ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತಿದೆ ಎಂದು ಅವನಿಗೇ ಗೊತ್ತಾಯಿತು. ಹರ್ಮಾನ್ ತಲೆ ತಗ್ಗಿಸಿದ. ಯಾರೋ, ಇವನಿಗೆ ವಯಸ್ಸಾಯಿತು ಎಂದರು. ಇನ್ನೊಬ್ಬರು, ವಯಸ್ಸಲ್ಲ, ಕೊಬ್ಬು ಎಂದರು.

ವೆಸೆಲ್ ರೀಕಿಯ ಕಡೆ ತಿರುಗಿದ. “ರೀಕಿಗೆ ಗೊತ್ತು. ಬೆಳಿಗ್ಗೆ ಹೇಳಿದೀನಿ. ನೀನೇ ಹೇಳಮ್ಮ.”

ರೀಕಿ ಎದ್ದಳು. ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಅವಳ ತುಟಿ ಒಮ್ಮೆ ಅಲುಗಿತು. ಇವನು ಹೇಳುತ್ತಿರುವುದು ನಿಜ ಎಂದು ಆ ಸಭಾಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

“ನನಗೇನೂ ಗೊತ್ತಿಲ್ಲ ಮಾಮ,” ಎಂದಳು. “ಕೊಡಿ ಇಲ್ಲಿ.”

ಅವಳು ಅವನ ಕೈಯಿಂದ ಹೂಜಿಯನ್ನು ಬಿಡಿಸಿಕೊಂಡಳು. ಆಲೀಡಾ ಅಂಗೈ ತೆಗೆದು ಬಟ್ಟಲು ಮುಂದಿಟ್ಟಳು. ತಾಯಿಯನ್ನು ಮಣ್ಣು ಮಾಡಿ ಬಂದ ಮಗಳು ತಾನೇ ಕಾಫಿ ಸುರಿಯುವುದನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಅವಳು ಒಂದು ಮೇಜು ಮುಗಿಸಿ ಇನ್ನೊಂದಕ್ಕೆ ಹೋದಳು, ಜನ ಒಬ್ಬೊಬ್ಬರಾಗಿ ಬಟ್ಟಲು ಚಾಚಿದರು, ಹರ್ಮಾನ್ ಕೂಡ ಚಾಚಿದ. ವೆಸೆಲ್ ಹೂಜಿಯ ಬಿಸಿ ಹಿಡಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಮೇಜುಗಳ ನಡುವೆ ನಿಂತಿದ್ದ. ಹೋಗಿಬರುವವರು ಅವನನ್ನು ಬಳಸಿ ಹೋಗುತ್ತಿದ್ದರು.