ಕಂಬಳಿ ಮೇಲೆ ಕೂತ ಮಂತ್ರಿ

ದಿಲ್ಲಿಯಲ್ಲಿ ಸಂಪುಟ ಪುನಾರಚನೆಯಾಗುವ ದಿನವೇ ಬೀರಪ್ಪನ ಗಬ್ಬದ ಕುರಿಗೆ ಹೊಟ್ಟೆ ಉಬ್ಬರಿಸಬೇಕೆ! ಯಲ್ಲದಕೆರೆ ಆಚೆಗಿನ ಅವನ ಹಟ್ಟಿಯಲ್ಲಿ ಪಶು ಆಸ್ಪತ್ರೆಯೇನೋ ಇತ್ತು, ಎರಡು ವರ್ಷದಿಂದ ಡಾಕ್ಟರಿರಲಿಲ್ಲ. ಬೀಗಕ್ಕೆ ತುಕ್ಕು ಹಿಡಿದಿತ್ತು.

ಪುಣ್ಯಕ್ಕೆ ಅವತ್ತೇ ಕೇಂದ್ರ ಮಂತ್ರಿ ಓಬಳೇಶರು ಹಟ್ಟಿಗೆ ಬಂದರು. ರಾಜಕೀಯಕ್ಕಿಳಿಯುವ ಮುನ್ನ ಹೊಸದುರ್ಗದಲ್ಲಿ ದನದ ಡಾಕ್ಟರಾಗಿದ್ದವರು. ಅದಕ್ಕೇ ಇರಬೇಕು, ದಿಲ್ಲಿಯವರು ಅವರಿಗೆ ಮೊದಲು ವಿಮಾನದ ಖಾತೆ ಕೊಟ್ಟರು, ಆಮೇಲೆ ಉಕ್ಕು, ಆಮೇಲೆ ಹಡಗು. ಕಡಲೇ ಇಲ್ಲದ ಜಿಲ್ಲೆಯ ಈ ಮನುಷ್ಯ ಎರಡು ವರ್ಷ ಬಂದರುಗಳಲ್ಲಿ ಟೇಪು ಕತ್ತರಿಸಿಕೊಂಡು ತಿರುಗಿದರು. ಈ ಸಲ ಪಶುಸಂಗೋಪನೆ ಗ್ಯಾರಂಟಿ ಎಂದು ಹಿಂಬಾಲಕರು ಪಟಾಕಿ ಸರ ಬೇರೆ ತಂದಿದ್ದರು.

ಬೀರಪ್ಪ ಕರಿಕಂಬಳಿ ಹಾಸಿದ. ಅದರ ಮೇಲೆ ಕೂತು ಕೊಟ್ಟ ಮಾತನ್ನು ನಡೆಸದೆ ಹಟ್ಟಿ ದಾಟುವಂತಿಲ್ಲ ಎಂಬುದು ಅಲ್ಲಿನ ಪದ್ಧತಿ. ತಿಳಿದವರು ಕೂರಲು ಹತ್ತು ಸಲ ಯೋಚಿಸುತ್ತಾರೆ. ಮಂತ್ರಿಗಳು ಕ್ಯಾಮೆರಾ ನೋಡುತ್ತಾ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ನಮ್ಗೊಬ್ಬ ಡಾಕ್ಟ್ರು ಬೇಕು ಸ್ವಾಮಿ, ಇವತ್ತೇ," ಎಂದ ಬೀರಪ್ಪ.

"ಆಯ್ತಪ್ಪ, ಮಾತು ಕೊಟ್ಟೆ. ಖಾತೆ ಒಂದು ಕೈಗೆ ಬರ್ಲಿ..." ಎನ್ನುವಷ್ಟರಲ್ಲಿ ಫೋನು ಬಂತು. "ಸಾರ್... ಸಾರ್... ಆಗ್ಲಿ ಸಾರ್." ಓಬಳೇಶರ ಮುಖ ಬಿಳಿಚಿಕೊಂಡಿತು. "ನನ್ನನ್ನೇ ಕೈಬಿಟ್ರಂತೆ!"

ಕಣ್ಣು ಮಿಟುಕಿಸುವುದರೊಳಗೆ ಹಿಂಬಾಲಕರು ಮಂಗಮಾಯ. ಅವರಲ್ಲೊಬ್ಬ ಪಟಾಕಿ ಸರ ಸುತ್ತಿ ಬಗಲಿಗೆ ಸಿಗಿಸಿಕೊಂಡು, ಹೊಸ ಮಂತ್ರಿ ಯಾರಂತೆ ಎಂದು ವಿಚಾರಿಸುತ್ತಲೇ ಕಾರು ಹತ್ತಿದ. ಬೀರಪ್ಪನಿಗೆ ಮೈಯೆಲ್ಲ ಉರಿಯಿತು. ಇವರ ಪದವಿ ಮಣ್ಣುಪಾಲಾಗಲಿ, ತನ್ನ ಕುರಿಯ ಗತಿಯೇನು?

ಓಬಳೇಶರು ಮೆಲ್ಲಗೆ ಏಳಲು ನೋಡಿದರು.

"ಕುಂತ್ಕಳ್ರಿ," ಎಂದಳು ಬೀರಪ್ಪನ ಹೆಂಡತಿ ನಿಂಗಕ್ಕ. "ಕಂಬಳಿ ಮೇಲೆ ಮಾತು ಕೊಟ್ಟೀರಿ."

"ನಾನೀಗ ಮಂತ್ರಿ ಅಲ್ಲ ಕಣಮ್ಮ!"

"ಮಂತ್ರಿನ ಯಾರು ಕೇಳಿದ್ರು? ನಾವು ಕೇಳಿದ್ದು ಡಾಕ್ಟ್ರನ್ನ."

ರೊಪ್ಪದೊಳಗೆ ಕುರಿ ನರಳಿತು. ಓಬಳೇಶರು ಆ ಕಡೆ ಕಿವಿಗೊಟ್ಟರು. ಆಮೇಲೆ ಎದ್ದು, ಗರಿಗರಿ ಅಂಗಿಯ ತೋಳು ಮಡಿಸಿದರು.

"ಕಡ್ಲೆಕಾಯಿ ಎಣ್ಣೆ ತಗಂಬರ್ರಿ. ಕುಡ್ಸಾಕೆ ಬಿದಿರಿನ ಗೊಟ್ಟ ಐತಾ? ಬೀರಪ್ಪ, ತಲೆ ಗಟ್ಟಿಯಾಗಿ ಹಿಡ್ಕಳಪ್ಪ."

ಎಣ್ಣೆ ಕುಡಿಸಿ, ಪಕ್ಕೆ ತಿಕ್ಕಿ, ಮತ್ತೆ ತಿಕ್ಕಿ, ಮುಕ್ಕಾಲು ಗಂಟೆಯಾದ ಮೇಲೆ ಕುರಿ ಗಟ್ಟಿಯಾಗಿ ತೇಗಿತು. ತೇಗಿದ್ದೇ ಮಾಜಿ ಮಂತ್ರಿಗಳ ಬಿಳಿ ಪಂಚೆಯ ಮೇಲೆ ಧಾರಾಳವಾಗಿ ಹಿಕ್ಕೆ ಹಾಕಿತು. ಅವರು ಅದನ್ನು ಕೊಡವಲೂ ಇಲ್ಲ. "ಇನ್ನೆಷ್ಟು ಕುರಿ ಹುಷಾರಿಲ್ದಂಗೆ ಅವೆ?" ಎಂದರು.

ಬೀರಪ್ಪನಿಗೆ ಸಂತೋಷಕ್ಕೆ ಅಳುವೇ ಬಂತು. ಕಣ್ಣೊರೆಸಿಕೊಂಡು ಕಾರು ಹೋದ ದಾರಿಯತ್ತ ನೋಡಿದ.

"ಪಟಾಕಿ ಹೊತ್ಕಂಡು ಹೋದ್ರಲ್ಲೇ ನಿಂಗಿ, ಬಡ್ಡೀಮಕ್ಳು! ಹಚ್ಬೇಕಾಗಿದ್ದು ಈಗ."