ಗೆರೆ ಎಳೆದ ಜಾಗ

ಲಿಫ್ಟ್ ರಿಪೇರಿ ಮಾಡುವ ಅವಳಿಗೆ ಮೂವತ್ತೈದು ತುಂಬಿತ್ತು. ಮದುವೆ, ಮಗು ಎಂದಾಗಲೆಲ್ಲ ಏಳು ವರ್ಷದಿಂದ ರಾಗ ಎಳೆಯುತ್ತಿದ್ದ ಗೆಳೆಯ ಈಗ ತಾನಾಗಿಯೇ ಅವಳನ್ನು ಆಸ್ಪತ್ರೆಗೆ ಕರೆತಂದಿದ್ದ, ಮಹದುಪಕಾರ ಮಾಡುವವನ ಠೀವಿಯಲ್ಲಿ.

“ಅಂಡಾಣು ಫ್ರೀಜ್ ಮಾಡಿಸಿಬಿಟ್ರೆ ಇನ್ನೊಂದು ಹತ್ತು ವರ್ಷ ಆರಾಮಾಗಿರಬಹುದು ಡಾಕ್ಟ್ರೇ,” ಎಂದ.

“ಯಾರು ಆರಾಮಾಗಿರೋದು?” ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. “ಹತ್ತು ಹನ್ನೆರಡು ದಿನ ಹೊಟ್ಟೆಗೆ ಸೂಜಿ ಚುಚ್ಚಿಸ್ಕೊಳ್ಳೋರು ಇವರು. ಆಮೇಲೂ ಮಗು ಆಗೇ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಮಾಡಿಸೋದಾದ್ರೆ ತಡ ಮಾಡಬೇಡಿ.”

ಸೂಜಿ ಎಂದೊಡನೆ ಅವನ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಮುಂದಿನ ವರ್ಷ ನೋಡೋಣ.”

ಚುಚ್ಚುವುದು ತನಗೆ, ಬೆವರುವುದು ಇವನು. ಈ ಪುಕ್ಕಲನಿಗಾಗಿ ಇಷ್ಟು ವರ್ಷ ಕಾದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಹೇಸಿಗೆಯಾಯಿತು.

“ಇದೇ ತಿಂಗಳು ಶುರು ಮಾಡಿ,” ಎಂದವಳೇ ಫಾರಂನಲ್ಲಿ ಸಂಗಾತಿಯ ಹೆಸರಿನ ಜಾಗಕ್ಕೆ ಉದ್ದ ಗೆರೆ ಎಳೆದಳು.

“ಅಲ್ಲಿ ನನ್ನ ಹೆಸರು?”

“ನಿನ್ನನ್ಯಾಕೆ ಫ್ರೀಜ್ ಮಾಡಿಸೋದು? ನೀನು ಹೆಪ್ಪುಗಟ್ಟಿ ಆಗಲೇ ಏಳು ವರ್ಷ ಆಯ್ತು.”

ಅವನು ಬಾಗಿಲು ದಬ್ಬಿಕೊಂಡು ಹೊರಟುಹೋದ. ಮುಂದಿನ ವಾರ ಚುಚ್ಚುಮದ್ದು ಶುರುವಾಯಿತು. ಒಂಬತ್ತು ಅಂಡಾಣು ಸಿಕ್ಕ ದಿನ ಅವಳನ್ನು ಮನೆಗೆ ಕರೆದೊಯ್ದದ್ದು ಅಕ್ಕ. ಹೊಟ್ಟೆ ನೋಯುತ್ತಿದ್ದರೂ ಅವಳು ದಾರಿಯುದ್ದಕ್ಕೂ ನೆಮ್ಮದಿಯಾಗಿ ನಿದ್ದೆ ಹೋದಳು.